ಬಟವಾಡೆ ಲೆಕ್ಕದಲ್ಲಿ ತಾರೀಕು ಅದಲು ಬದಲು

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಹತ್ರ ಸಣ್ಣ ಕಾಫಿ ತೋಟ. ಆಳುಗಳ ಬಟವಾಡೆ ಲೆಕ್ಕ ಎಲ್ಲ ಲ್ಯಾಪ್‌ಟಾಪಲ್ಲೇ ಬರೆಯೋದು. ವಿಂಡೋಸ್ ಕೆಟ್ಟು ಚಿಕ್ಕಮಗಳೂರಲ್ಲಿ ಒಂದು ಅಂಗಡೀಲಿ ಹೊಸದಾಗಿ ಹಾಕಿಸ್ಕೊಂಡ್ ಬಂದ್ಮೇಲೆ ಎಕ್ಸೆಲಲ್ಲಿ ಕೆಲವು ತಾರೀಕು ಬಲಕ್ಕೆ ಕೂರ್ತವೆ ಕೆಲವು ಎಡಕ್ಕೆ, ತಿಂಗಳ ಟೋಟಲ್ ತಾಳೆ ಆಗ್ತಿಲ್ಲ. ಇನ್ನೊಂದ್ಸಲ ಹಾಕ್ಸಿ, ಭಾಷೆ ಕೇಳಿದಾಗ ಕನ್ನಡ ಒತ್ತಿದ್ರೆ ಸರಿಹೋಗುತ್ತಾ? ಅಪ್ಪನಿಗೆ ಇಂಗ್ಲಿಷ್ ಬರಲ್ಲ, ಅವರೂ ಲೆಕ್ಕ ನೋಡೋ ಹಾಗಿರ್ಬೇಕು.
— ಓದುಗರು, ಮೂಡಿಗೆರೆ

ಉತ್ತರ: ದಯವಿಟ್ಟು ಮತ್ತೆ ಹಾಕಿಸ್ಬೇಡಿ, ದುಡ್ಡು ದಂಡ. ವಿಂಡೋಸ್ ಹಾಕುವಾಗ ಶುರುವಲ್ಲೇ ಭಾಷೆ ಯಾವ್ದು, ತಾರೀಕು-ದುಡ್ಡು ಯಾವ ದೇಶದ ಥರ ಬರೀಬೇಕು, ಕೀಬೋರ್ಡ್ ಯಾವ್ದು ಅಂತ ಬೇರೆ ಬೇರೆಯಾಗೇ ಕೇಳುತ್ತೆ, ಅವಸರದಲ್ಲಿ ಇರೋವ್ರು ಏನೂ ಮುಟ್ದೆ ನೆಕ್ಸ್ಟ್ ಒತ್ಕೊಂಡು ಹೋಗ್ತಾರೆ, ಎಲ್ಲ ಅಮೆರಿಕದ್ದೇ ಉಳ್ಕೊಳುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲೂ ಹಾಗೇ ಆಗಿರೋ ಥರ ಕಾಣುತ್ತೆ. ಅಮೆರಿಕದವ್ರು ತಿಂಗಳು ಮೊದ್ಲು ಬರೀತಾರೆ. ನೀವು ಜೂನ್ 5 ಅಂತ 05/06 ಹೊಡೆದ್ರೆ ಎಕ್ಸೆಲ್ ಅದನ್ನ ಮೇ 6 ಅಂತ ತಿಳ್ಕೊಂಡು ಬಲಕ್ಕೆ ಕೂರ್ಸುತ್ತೆ. ವರ್ಷಾನೂ ಸೇರ್ಸಿ 13/06 ಹೊಡೆದ್ರೆ 13ನೇ ತಿಂಗಳು ಅಂತ ಯಾವ್ದೂ ಇಲ್ವಲ್ಲ, ಅದಕ್ಕೇ ಬರೀ ಅಕ್ಷರ ಅನ್ಕೊಂಡು ಎಡಕ್ಕೆ ತಳ್ಳುತ್ತೆ. ನಿಮ್ಮ ಶೀಟ್ ತೆಗೆದು ನೋಡಿ, 12ರ ಒಳಗಿನ ತಾರೀಕೆಲ್ಲ ಬಲಕ್ಕೆ, 13ರಿಂದ ಮೇಲಿನವೆಲ್ಲ ಎಡಕ್ಕೆ ಇದ್ರೆ ಇದೇ ಕಾಯಿಲೆ. ಒಂದೂಕಾಲು ಲಕ್ಷ 1,25,000 ಬದಲು 125,000 ಅಂತ ಕಾಣ್ತಿದ್ರೂ ಅದೇ ಕಾರಣ.

ಸೆಟ್ಟಿಂಗ್ಸಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ಹೋಗಿ ರೀಜನಲ್ ಫಾರ್ಮ್ಯಾಟ್ ಇರೋ ಕಡೆ ಇಂಗ್ಲಿಷ್ (ಇಂಡಿಯಾ) ಮಾಡಿ, ಎಕ್ಸೆಲ್ ಮುಚ್ಚಿ ತೆಗೀರಿ. ಇನ್ಮುಂದೆ ಹೊಡೆಯೋದು ಸರಿಯಾಗಿ ಕೂರುತ್ತೆ. ಆದ್ರೆ ಹಳೇದು ತಾನಾಗೇ ಸರಿಹೋಗಲ್ಲ, ಇದನ್ನ ಗಟ್ಟಿಯಾಗಿ ಹೇಳ್ತಿದೀನಿ ಯಾಕಂದ್ರೆ ಇದು ಆಳುಗಳ ಕೂಲಿ ವಿಷ್ಯ. ಒಳಗೆ ಮೇ 6 ಅಂತ ಕೂತಿರೋದು ಈಗ 06-05 ಅಂತ ಕಾಣುತ್ತೆ ಅಷ್ಟೇ, ಮೇ 6 ಮೇ 6ಆಗೇ ಇರುತ್ತೆ. ಫೈಲ್‌ದು ಒಂದು ಕಾಪಿ ತೆಗೆದಿಟ್ಟು, ಕೈಯಲ್ಲಿ ಬರೆದ ಪುಸ್ತಕ ಪಕ್ಕದಲ್ಲಿಟ್ಕೊಂಡು, ವಿಂಡೋಸ್ ಹಾಕ್ಸಿದ್ಮೇಲೆ ಬರೆದ ತಾರೀಕೆಲ್ಲ ಮತ್ತೆ ಹೊಡೀರಿ, ಎಡಕ್ಕೆ ಕೂತಿರೋವನ್ನೂ.

ಅಪ್ಪನ ವಿಷ್ಯ. ಅವರು ನೋಡೋದು ಲೆಕ್ಕಾನ, ವಿಂಡೋಸಿನ ಮೆನು ಅಲ್ಲ. ಮೆನು ಇಂಗ್ಲಿಷಲ್ಲಿದ್ರೂ ಆಳಿನ ಹೆಸ್ರು, ಮೆಣಸು ಕೊಯ್ಲು, ಕಸಿ, ಗೊಬ್ಬರ ಎಲ್ಲ ಕನ್ನಡದಲ್ಲೇ ಬರೀಬೋದು, ಕನ್ನಡ ಫಾಂಟು ವಿಂಡೋಸಲ್ಲೇ ಬಂದಿರುತ್ತೆ. ಲ್ಯಾಂಗ್ವೇಜ್ ಪಟ್ಟೀಗೆ ಕನ್ನಡ ಸೇರ್ಸಿ, ಇಂಗ್ಲಿಷ್ ಅಕ್ಷರ ಒತ್ತಿದ್ರೆ ಅದೇ ಉಚ್ಚಾರದ ಕನ್ನಡ ಬರೋ ಫೊನೆಟಿಕ್ ಕೀಬೋರ್ಡ್ ತಗೊಳ್ಳಿ, 2019ರ ಅಪ್‌ಡೇಟ್ ಆದ್ಮೇಲಿನ ವಿಂಡೋಸ್ 10ರಿಂದ ಅದು ಒಳಗೇ ಇದೆ. ವಿಂಡೋಸ್ ಕೀ ಒತ್ಕೊಂಡು ಸ್ಪೇಸ್ ಒತ್ತಿದ್ರೆ ಭಾಷೆ ಬದಲಾಗುತ್ತೆ.

ಮೆನೂನೂ ಕನ್ನಡದಲ್ಲಿ ಬೇಕೂಂದ್ರೆ ಮೊದ್ಲು ಸೆಟ್ಟಿಂಗ್ಸಲ್ಲಿ ಸಿಸ್ಟಮ್ ಒಳಗಿನ ಅಬೌಟ್ ತೆಗೆದು ಎಡಿಷನ್, ಅಂದ್ರೆ ಯಾವ ಬಗೆ ವಿಂಡೋಸ್ ಅಂತ ನೋಡಿ. ಹೋಮ್ ಸಿಂಗಲ್ ಲ್ಯಾಂಗ್ವೇಜ್ ಅಂತಿದ್ರೆ ಮೆನುಗೆ ಒಂದೇ ಭಾಷೆ, ಅಪ್ಪನಿಗೊಂದು ನಿಮಗೊಂದು ಆಗಲ್ಲ. ಟೈಪಿಂಗಿಗೆ ಅದು ಅಡ್ಡ ಬರಲ್ಲ.

ವಿಂಡೋಸ್ ಬದಲು ಹಾಕ್ಕೊಳ್ಳೋ ಲಿನಕ್ಸಲ್ಲಾದ್ರೆ ಈ ಕಟ್ಟಿಲ್ಲ, ಅಪ್ಪನ ಅಕೌಂಟು ಕನ್ನಡ, ನಿಮ್ದು ಇಂಗ್ಲಿಷ್ ಮಾಡ್ಕೋಬೋದು. ಲಿನಕ್ಸಲ್ಲೇ ಒಂದು ಬಗೆಯಾದ ಡೆಬಿಯನ್ ಹಾಕುವಾಗ ಕನ್ನಡ ಬೇಕಂದ್ರೆ ಗ್ರಾಫಿಕಲ್ ಇನ್‌ಸ್ಟಾಲೇ ತಗೋಬೇಕು, ಬರೀ ಅಕ್ಷರದ ಇನ್‌ಸ್ಟಾಲರಿನ ಪಟ್ಟೀಲಿ ಕನ್ನಡ ಇರಲ್ಲ, ಆ ಕಪ್ಪು ಪರದೆಗೆ ನಮ್ಮ ಒತ್ತಕ್ಷರ ಜೋಡ್ಸಕ್ಕೆ ಬರಲ್ಲ. ಯೂಸರ್‌ನೇಮು ಪಾಸ್‌ವರ್ಡು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರ್ಲಿ. ಹಾಸನದಲ್ಲಿ ನಮ್ಮ ಪಕ್ಕದ ಮನೆಯವರಿಗೆ ಹಾಕಿಕೊಟ್ಟಾಗ ಕನ್ನಡ ಕೀಬೋರ್ಡ್ ಆರ್ಸಿಟ್ಟು ಬಂದೆ, ಮಾರನೇ ದಿನ ಬೆಳಿಗ್ಗೆ ಲಾಗಿನ್ ಆಗ್ತಿಲ್ಲ ಅಂತ ಫೋನು, ಪಾಸ್‌ವರ್ಡ್ ಸರಿ ಇತ್ತು, ಕೀಬೋರ್ಡ್ ಕನ್ನಡದಲ್ಲಿತ್ತು. ಹಾಕುವಾಗ ಎರಡು ಲೇಔಟಿನ ಮಧ್ಯೆ ಬದಲಾಯ್ಸಕ್ಕೆ ಯಾವ ಕೀ ಅಂತ ಕೇಳುತ್ತೆ, ನೀವು ಆರ್ಸಿದ್ದನ್ನ ಒಂದು ಚೀಟೀಲಿ ಬರೆದು ಲ್ಯಾಪ್‌ಟಾಪಿಗೆ ಅಂಟ್ಸಿಬಿಡಿ.