ದಕ್ಕೆಯಲ್ಲಿ ಓಡುವ ಎಂಜಿನ್ ಅಳಿವೆ ದಾಟಿದರೆ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಗೋವಾದಿಂದ ತಂದ 28 ಅಡಿಯ ಹಳೆಯ ಹಾಯಿದೋಣಿ ನಮ್ಮದು. ಒಳಗೆ ಎರಡು ಸಿಲಿಂಡರಿನ 18 ಎಚ್‌ಪಿ ಡೀಸೆಲ್ ಎಂಜಿನ್. ಮಲ್ಪೆ ದಕ್ಕೆಯಲ್ಲಿ ಕಟ್ಟಿಟ್ಟು ಎರಡು ಗಂಟೆ ಓಡಿಸಿದರೂ ತಕರಾರಿಲ್ಲ. ಅಳಿವೆ ದಾಟಿ ಸೇಂಟ್ ಮೇರೀಸ್ ದ್ವೀಪದ ಕಡೆ ಹೊರಟರೆ ಅರ್ಧ ಗಂಟೆಯೊಳಗೆ ಸದ್ದು ಏರಿಳಿದು, ನಿಧಾನವಾಗಿ ಉಸಿರು ಬಿಟ್ಟಂತೆ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಹಿಡಿಯುತ್ತದೆ. ನೋಜಲ್ ಸರ್ವಿಸ್ ಆಗಿದೆ, ಎರಡೂ ಫಿಲ್ಟರ್ ಹೊಸದು. ಈಗ ಎಫ್‌ಐ ಪಂಪ್ (ನೋಜಲಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಬೇಕೇ?
– ಓದುಗರು, ಪಡುಕೆರೆ

ಉತ್ತರ: ಸದ್ಯಕ್ಕೆ ಮುಟ್ಟಬೇಡಿ. ಎಫ್‌ಐ ಪಂಪ್ ಸವೆದಿದ್ದರೆ ಎಂಜಿನ್ ಬಿಸಿಯಿರುವಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ನಿಮ್ಮದು ಬಿಸಿಯಲ್ಲೇ ಹಿಡಿಯುತ್ತಿದೆ. ಒಮ್ಮೆಗೇ ಗಕ್ಕನೆ ನಿಂತಿದ್ದರೆ ಪ್ರೊಪೆಲ್ಲರಿಗೆ ಬಲೆಯ ತುಂಡೋ ಹಗ್ಗವೋ ಸುತ್ತಿಕೊಂಡಿತೆಂದು ನೋಡಬಹುದಿತ್ತು. ಸದ್ದು ಏರಿಳಿದು ಸಾಯುವುದು ಡೀಸೆಲ್ ಸಾಲದ ಲಕ್ಷಣ. ಏರ್ ತೆಗೆಯದೆಯೇ ಮತ್ತೆ ಹಿಡಿಯುವುದರಿಂದ ಪೈಪಿಗೆ ಗಾಳಿ ಸೇರಿರುವುದಕ್ಕಿಂತ ಎಲ್ಲೋ ಏನೋ ಅಡ್ಡ ಬಂದು, ಎಂಜಿನ್ ನಿಂತ ಮೇಲೆ ಬಿಟ್ಟುಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು.

ದಕ್ಕೆಯಲ್ಲಿ ಸರಿಯಿರುವುದಕ್ಕೂ ಕಾರಣವಿದೆ. ಸ್ಲೋ ಇಟ್ಟಾಗ ಈ ಎಂಜಿನಿಗೆ ಗಂಟೆಗೆ ಒಂದು ಲೀಟರ್ ಡೀಸೆಲ್ ಕೂಡ ಬೇಕಾಗುವುದಿಲ್ಲ. ಕಡಲಲ್ಲಿ ಎರಡು–ಮೂರು ಲೀಟರ್ ಎಳೆಯುತ್ತದೆ. ಜೊತೆಗೆ ಅಳಿವೆಯ ತೆರೆಗೆ ಟ್ಯಾಂಕಿ ಕುಲುಕಿ, ವರ್ಷಗಟ್ಟಲೆ ತಳದಲ್ಲಿ ಕೂತ ಕೆಸರೆಲ್ಲ ಮೇಲೇಳುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ಮುಂದಿನ ಸಲ ನಿಂತ ಕೂಡಲೇ ಟ್ಯಾಂಕಿಯ ಕ್ಯಾಪ್ ತಿರುಗಿಸಿ. ‘ಸುಯ್’ ಎಂದು ಗಾಳಿ ಒಳಗೆಳೆದರೆ ಏರ್‌ವೆಂಟ್ (ಟ್ಯಾಂಕಿಗೆ ಗಾಳಿ ಬರುವ ಕೊಳವೆ) ಕಟ್ಟಿದೆ. ಡೀಸೆಲ್ ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಬೇಕು, ಬರದಿದ್ದರೆ ಟ್ಯಾಂಕಿಯಿಂದ ಡೀಸೆಲ್ ತರುವ ಫೀಡ್ ಪಂಪಿಗೆ ಎಳೆಯಲಾಗದು. ನಮ್ಮ ಕರಾವಳಿಯಲ್ಲಿ ವೆಂಟಿನ ಬಾಯಿಗೆ ಉಪ್ಪು ಹೆಪ್ಪುಗಟ್ಟುತ್ತದೆ, ಇಲ್ಲವೇ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಮಾಡಿರುತ್ತದೆ. ಕ್ಯಾಪ್ ತೆರೆದಿಟ್ಟು, ವೆಂಟಿಗೆ ಪೈಪ್ ಕೊಟ್ಟು ಊದಿದರೆ ತಿಳಿಯುತ್ತದೆ.

ವೆಂಟ್ ಸರಿಯಿದ್ದರೆ 10 ಲೀಟರಿನ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಟ್ಯಾಂಕಿಯ ಮಟ್ಟದಲ್ಲೇ ಅಲುಗಾಡದಂತೆ ಕಟ್ಟಿ. ಟ್ಯಾಂಕಿಯ ಪೈಪ್ ಬಿಚ್ಚಿ, ಡೀಸೆಲ್ಲಿಗೆ ಹಾಳಾಗದ ಪಾರದರ್ಶಕ ಪೈಪಿನಿಂದ ಕ್ಯಾನನ್ನು ಮೊದಲ ಫಿಲ್ಟರಿಗೆ ಜೋಡಿಸಿ. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ, ಇದನ್ನು ಮರೆತರೆ ಕ್ಯಾನ್ ಖಾಲಿಯಾಗಿ ಟ್ಯಾಂಕಿ ತುಂಬುತ್ತದೆ. ಹೀಗೆ ಹೊರಗೆ ಒಂದು ಗಂಟೆ ಓಡಿದರೆ ದೋಷ ಟ್ಯಾಂಕಿಯಲ್ಲೋ ಅದರ ಪೈಪಿನಲ್ಲೋ ಇದೆ. ಆಗಲೂ ನಿಂತರೆ ಅದೇ ಪಾರದರ್ಶಕ ಪೈಪನ್ನು ಫಿಲ್ಟರ್ ಮತ್ತು ಫೀಡ್ ಪಂಪಿನ ನಡುವೆ ಹಾಕಿ ಗುಳ್ಳೆ ಬರುತ್ತಿದೆಯೇ ನೋಡಿ. ಫೀಡ್ ಪಂಪಿಗಿಂತ ಹಿಂದಿನ (ಟ್ಯಾಂಕಿ ಕಡೆಯ) ಜಾಯಿಂಟ್ ಸಡಿಲವಾದರೆ ಡೀಸೆಲ್ ಹೊರಗೆ ಸೋರಬೇಕೆಂದಿಲ್ಲ, ಗಾಳಿಯನ್ನು ಒಳಗೆಳೆಯುತ್ತದೆ. ಒಣಗಿದ್ದ ಮಾತ್ರಕ್ಕೆ ಜಾಯಿಂಟ್ ಸರಿ ಎನ್ನುವಂತಿಲ್ಲ.

ಟ್ಯಾಂಕಿಯೇ ಕಾರಣವೆಂದಾದರೆ ಡೀಸೆಲ್ ಎಳೆಯುವ ಪೈಪನ್ನು ಹೊರತೆಗೆಯಿರಿ. ಹಳೆಯ ದೋಣಿಗಳಲ್ಲಿ ಅದರ ತುದಿಗೆ ತಂತಿಯ ಜಾಲರಿ ಇರುವುದುಂಟು. ಜೋನಿಬೆಲ್ಲದಂತೆ ಅಂಟುವ ಕಪ್ಪು ಲೋಳೆ ಅದನ್ನು ಮುಚ್ಚಿದ್ದರೆ ಕಳ್ಳ ಸಿಕ್ಕಿದ ಹಾಗೆ. ತಳದ ನೀರಿಗೂ ಡೀಸೆಲ್ಲಿಗೂ ನಡುವೆ ಬೆಳೆಯುವ ಸೂಕ್ಷ್ಮಜೀವಿಗಳದ್ದು ಆ ಲೋಳೆ. ಜಾಲರಿ ತೆಗೆದುಬಿಡಿ. ಆ ಕೆಲಸಕ್ಕೆ ಹೊರಗೆ ಬಟ್ಟಲಿರುವ 10 ಮೈಕ್ರಾನ್ ಫಿಲ್ಟರ್ ಸಾಕು. ಮೇಲಿಂದ ಆ ಜೀವಿಗಳನ್ನು ಕೊಲ್ಲುವ ಔಷಧ ಸುರಿಯುವ ಅವಸರ ಮಾತ್ರ ಬೇಡ, ಸತ್ತ ಲೋಳೆಯೆಲ್ಲ ಬಂದು ಹೊಸ ಫಿಲ್ಟರನ್ನು ಒಂದೇ ದಿನದಲ್ಲಿ ಕಟ್ಟಿಸುತ್ತದೆ. ಮೊದಲು ಕೈಪಂಪಿನಿಂದ ತಳದ ಮೂಲೆಯ ಡೀಸೆಲ್ ಎಳೆದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಇಡಿ. ನೀರು, ಕೆಸರು ಪದರವಾಗಿ ಕೆಳಗೆ ನಿಲ್ಲುತ್ತವೆ. ತಿಳಿ ಬರುವ ತನಕ ಎಳೆಯಿರಿ, ಆಮೇಲೆ ಒಳಗೆ ಕೈ ಹಾಕಿ ಒರೆಸಿ, ಔಷಧ ಕೊನೆಗೆ.

ಇಷ್ಟೆಲ್ಲ ಬಿಚ್ಚಿದ ಮೇಲೆ ಏರ್ ತೆಗೆಯಲೇಬೇಕು. ಎರಡನೇ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಫೀಡ್ ಪಂಪಿನ ಕೈಲಿವರ್ ಒತ್ತಿ, ಬಿಗಿ ಮಾಡಿ. ಲಿವರ್ ಪೊಳ್ಳಾಗಿ ಆಡಿದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಕ್ಯಾಮ್ (ಎಂಜಿನ್ ಒಳಗೆ ಆ ಪಂಪನ್ನು ಆಡಿಸುವ ಉಬ್ಬು) ಅದನ್ನು ಎತ್ತಿ ಹಿಡಿದಿರುತ್ತದೆ, ಎಂಜಿನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಎಫ್‌ಐ ಪಂಪಿನ ಸ್ಕ್ರೂನಲ್ಲೂ ಹೀಗೆಯೇ. ನಂತರ ನೋಜಲ್ ಪೈಪುಗಳ ನಟ್ ಅರ್ಧ ಸುತ್ತು ಬಿಟ್ಟು ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ಇಳಿಯಬಲ್ಲದು, ಬೆರಳು ಅಡ್ಡ ಹಿಡಿಯಬೇಡಿ. ತಾಮ್ರದ ವಾಷರುಗಳನ್ನು ಹೊಸದೇ ಹಾಕಿ. ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ.

ಇನ್ನೊಂದು ಮಾತು, ಇದನ್ನು ಮರೆತೇ ಎಂಜಿನ್ ಕಳೆದುಕೊಳ್ಳುವವರಿದ್ದಾರೆ. ಸೆಲ್ಫ್ ಹೊಡೆಯುತ್ತಲೇ ಇರುವಾಗ ಕಡಲ ನೀರಿನ ಪಂಪೂ ತಿರುಗಿ ಸೈಲೆನ್ಸರಿಗೆ ನೀರು ತುಂಬುತ್ತಿರುತ್ತದೆ. ಎಂಜಿನ್ ಹಿಡಿಯದಿದ್ದರೆ ಅದನ್ನು ಹೊರದೂಡುವ ಹೊಗೆ ಇರುವುದಿಲ್ಲ, ನೀರು ಹಿಂದಕ್ಕೆ ಸಿಲಿಂಡರಿಗೇ ಬರಬಹುದು. ಏರ್ ತೆಗೆಯುವಾಗ ನೀರು ಒಳಬರುವ ವಾಲ್ವ್ ಮುಚ್ಚಿ, ಎಂಜಿನ್ ಹಿಡಿದ ಕ್ಷಣವೇ ತೆರೆಯಿರಿ. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಒಂದು ನಿಮಿಷ ಬಿಡಿ.

ಪ್ರಶ್ನೆ: ಸೈಲೆನ್ಸರಿನಿಂದ ಬರುವ ನೀರು ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತಿದೆ. ಇಂಪೆಲ್ಲರ್ (ಕಡಲ ನೀರಿನ ಪಂಪಿನೊಳಗಿನ ರೆಕ್ಕೆಯ ಚಕ್ರ) ಹೊಸದು ಹಾಕಿದರೂ ಅಷ್ಟೇ.
– ಓದುಗರು, ಬೆಂಗ್ರೆ, ಮಂಗಳೂರು

ಉತ್ತರ: ತೆಗೆದ ಹಳೆಯ ಇಂಪೆಲ್ಲರಿನ ರೆಕ್ಕೆಗಳನ್ನು ಎಣಿಸಿದ್ದೀರಾ? ಒಂದು ಕಡಿಮೆಯಿದ್ದರೆ ಆ ತುಂಡು ಮುಂದಿನ ಪೈಪಿನಲ್ಲೋ ಕೂಲರಿನ ಬಾಯಲ್ಲೋ ಕೂತಿದೆ, ಹುಡುಕಿ ತೆಗೆಯಿರಿ. ದೋಣಿಯ ತಳದಲ್ಲಿ ನೀರು ಒಳಬರುವ ಬಾಯಿಗೆ ಪ್ಲಾಸ್ಟಿಕ್, ಚಿಪ್ಪು ಹಿಡಿದಿದೆಯೇ ನೋಡಿ. ಎರಡೂ ಸರಿಯಿದ್ದರೆ ಹೊಗೆಗೆ ನೀರು ಸೇರುವ ಎಲ್ಬೋ ಬಿಚ್ಚಿ. ಉಪ್ಪು, ಕರಿ ಸೇರಿ ಕಿರುಬೆರಳು ತೂರುವಷ್ಟೇ ಜಾಗ ಉಳಿದಿದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಟ್ಯಾಂಕಿ ಖಾಲಿ ಇಡುವುದೋ, ತುಂಬಿಸುವುದೋ?
– ಓದುಗರು, ಹಂಗಾರಕಟ್ಟೆ

ಉತ್ತರ: ತುಂಬಿಸಿ, ಮೇಲೆ ಎರಡು ಬೆರಳು ಜಾಗ ಬಿಡಿ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನ ಅರ್ಧ ಟ್ಯಾಂಕಿ ಬಿಟ್ಟರೆ ಒಳಗೋಡೆಯಲ್ಲಿ ನೀರು ಬೆವರುತ್ತದೆ. ಡೆಕ್ಕಿನ ಕ್ಯಾಪಿನ ರಬ್ಬರ್ ರಿಂಗನ್ನೂ ಮೇ ತಿಂಗಳಲ್ಲೇ ಬದಲಿಸಿ. ಅದು ಬಿರಿದಿದ್ದರೆ ಬೆವರಿಗಿಂತ ಹೆಚ್ಚು ನೀರು ಅಲ್ಲಿಂದಲೇ ಇಳಿಯುತ್ತದೆ.