ಜಿನೀವಾದಲ್ಲಿ ಕೆಲಸ, ಸಾಂ ಸೆರ್ಗ್‌ನಲ್ಲಿ ಮನೆ: ಭಾರತದ ಲೈಸೆನ್ಸ್ ಇದ್ದರೆ ಸಾಕೇ?

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕೆಲಸ, ಮನೆ ಅಲ್ಲೇ ಮಾಡಲೇ ಅಥವಾ ಬಾಡಿಗೆ ಉಳಿಸಲು ಗುಡ್ಡದ ಮೇಲಿನ ಹಳ್ಳಿ ಸಾಂ ಸೆರ್ಗ್‌ನಲ್ಲಿ ಮಾಡಲೇ ಎಂದು ಕೇಳಿದ್ದೀರಿ. ಬಾಡಿಗೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ನಿಮ್ಮ ಪ್ರಶ್ನೆಯಲ್ಲಿ ಐದಾರು ಸಾಲು. "ಅಲ್ಲಿಗೆ ಹೋದ ಮೇಲೆ ಕಾರು ಕೊಂಡರಾಯಿತು, ಲೈಸೆನ್ಸ್ ಹೇಗೂ ಇದೆ" ಎಂಬುದಕ್ಕೆ ಅರ್ಧ ಸಾಲು. ನಾನೂ ಥೇಟ್ ಹೀಗೇ ಲೆಕ್ಕ ಹಾಕಿದ್ದೆ. ಕೈ ಕೊಟ್ಟಿದ್ದು ಆ ಅರ್ಧ ಸಾಲೇ.

ಮನೆ ನೋಡಿದ್ದು ಬೇಸಿಗೆಯಲ್ಲಿ. ಬಾಲ್ಕನಿಯಿಂದ ಕೆಳಗೆ ಸರೋವರ, ಆಚೆಗೆ ಮಾಂಟ್ ಬ್ಲಾಂಕ್; ಸಹಿ ಹಾಕದೆ ಇರುವುದು ಹೇಗೆ? ರೈಲಿನ ಬಗ್ಗೆ ನನಗೆ ಇಂದಿಗೂ ದೂರಿಲ್ಲ. ಸುಮಾರು 400 ಮೀಟರ್ ಎತ್ತರದಲ್ಲಿ, ಸರೋವರದ ದಡದಲ್ಲಿರುವ ನಿಯೋನ್ ಪಟ್ಟಣದಿಂದ ಸಾವಿರ ಮೀಟರ್ ದಾಟಿದ ಸಾಂ ಸೆರ್ಗ್‌ಗೆ ಆ ಪುಟ್ಟ ಕೆಂಪು ರೈಲು 1916ರಿಂದ ಹತ್ತುತ್ತಿದೆ. ಮುಂದೆ ಜಿವ್ರೀನ್ ಕಣಿವೆದಾರಿ ಹಾದು ಫ್ರಾನ್ಸ್ ಗಡಿಯ ಲಾ ಕ್ಯೂರ್ ತನಕ ಹೋಗುತ್ತದೆ. ನಿಯೋನ್‌ನಲ್ಲಿ ಇಳಿದು ಜಿನೀವಾ ಗಾಡಿ ಹಿಡಿದರೆ ಮುಗಿಯಿತು. ತೊಂದರೆ ಇದ್ದದ್ದು ನಿಲ್ದಾಣಕ್ಕೂ ನಮ್ಮ ಮನೆಗೂ ನಡುವಿನ ಏರಿನಲ್ಲಿ. ಅದಕ್ಕೆ ಕಾರು ಇರುತ್ತದಲ್ಲ ಎಂದುಕೊಂಡಿದ್ದೆ.

ಇನ್ನು ಲೈಸೆನ್ಸ್ ವಿಷಯ. ಇದನ್ನು ನಿಧಾನವಾಗಿ ಓದಿ. ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಸ್ವಿಸ್ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬೇಕು, ಅದಕ್ಕೆ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕಾರು ಓಡಿಸಿ ತೋರಿಸಬೇಕು. ಒಮ್ಮೆ ಎಂದರೆ ಒಮ್ಮೆಯೇ. ಅದರಲ್ಲಿ ಫೇಲಾದರೆ ಮರುಪರೀಕ್ಷೆ ಇಲ್ಲ. ಭಾರತದ ಲೈಸೆನ್ಸ್‌ನಲ್ಲಿ ಅಲ್ಲಿ ಮತ್ತೆ ಓಡಿಸುವಂತಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಓಡಿಸಿದವನಿಗೆ ಈ ನಿರ್ಜನ ರಸ್ತೆಗಳು ಯಾವ ಲೆಕ್ಕ ಎಂಬ ಗರ್ವದಿಂದ, ಬೋಧಕರ ಬಳಿ ಒಂದು ಪಾಠವನ್ನೂ ತೆಗೆದುಕೊಳ್ಳದೆ ಹೋದೆ.

ಅಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಓಣಿ ಎಷ್ಟೇ ಸಣ್ಣದಿರಲಿ, ನೀವಿರುವ ರಸ್ತೆ ಎಷ್ಟೇ ಅಗಲವಿರಲಿ. ಪುಸ್ತಕದಲ್ಲಿ ಓದಿದ್ದೆ, ಕಾಲಿಗೆ ಗೊತ್ತಿರಲಿಲ್ಲ. ಬೇಲಿಯ ಸಂದಿಯಿಂದ ಬೂದು ಬಣ್ಣದ ಕಾರೊಂದು ಮೂತಿ ಹಾಕಿತು. ಅದು ನಿಲ್ಲುತ್ತದೆ ಎಂದುಕೊಂಡು ನಾನು ಮುಂದುವರಿದೆ. ಪಕ್ಕದಲ್ಲಿದ್ದ ಪರೀಕ್ಷಕರ ಕೈ ಹ್ಯಾಂಡ್‌ಬ್ರೇಕ್‌ಗೆ ಹೋಯಿತು. ಅಲ್ಲಿಗೆ ಮುಗಿಯಿತು.

ಆಮೇಲೆ ಸ್ವಿಸ್ ಲೈಸೆನ್ಸ್‌ಗೆ ಹೊಸಬನಂತೆ ಮೊದಲಿನಿಂದ ಶುರು: ಹದಿನೆಂಟರ ಹುಡುಗರ ಜೊತೆ ಕುಳಿತು 10 ಗಂಟೆಯ ಪ್ರಥಮ ಚಿಕಿತ್ಸೆ ತರಗತಿ, ಲಿಖಿತ ಪರೀಕ್ಷೆ, 8 ಗಂಟೆಯ ಸಂಚಾರ ತರಗತಿ, ಬೋಧಕರ ಶುಲ್ಕ. ಉಳಿಸಿದ ಬಾಡಿಗೆ ಅಲ್ಲಿಗೇ ಹೋಯಿತು. ಅಷ್ಟರಲ್ಲಿ ಹಿಮ ಬಿತ್ತು. ಜಿನೀವಾದ ಪಾಕಿ ಬಡಾವಣೆಯಲ್ಲಿ ಕೊಂಡ ಅಕ್ಕಿಯ ಚೀಲವನ್ನು ಬೆನ್ನಿಗೇರಿಸಿ, ಉಪ್ಪು ಚೆಲ್ಲಿದ ರಸ್ತೆಯ ಅಂಚಿನಲ್ಲಿ ಕುಪ್ಪಳಿಸುತ್ತ ಹತ್ತಿದ್ದೇನೆ. ಬೇಳೆಯ ಪೊಟ್ಟಣ ಒಡೆದು ಹಿಮದ ಮೇಲೆ ಚೆಲ್ಲಿದಾಗ ಹೆಂಡತಿ ನಕ್ಕಳು, ನನಗೆ ನಗು ಬರಲಿಲ್ಲ.

ಹಾಗೆಂದು ಆ ಊರು ಬೇಡ ಎನ್ನುವುದಿಲ್ಲ. ಚಳಿಗಾಲದಲ್ಲಿ ಜಿನೀವಾ ದಿನಗಟ್ಟಲೆ ಮಂಜಿನಡಿ ಸೂರ್ಯನನ್ನೇ ಕಾಣದೆ ಕೂತಿರುತ್ತದೆ. ಆಗ ಮೇಲೆ ಸಾಂ ಸೆರ್ಗ್‌ನಲ್ಲಿ ಎಷ್ಟೋ ಸಲ ಝಗಝಗ ಬಿಸಿಲು. ಅದೊಂದಕ್ಕೇ ನಾವು ಊರು ಬಿಡದೆ ಮನೆ ಮಾತ್ರ ಬದಲಾಯಿಸಿದೆವು: ನಿಲ್ದಾಣದ ಹತ್ತಿರ, ಚಿಕ್ಕದು, ಬಾಡಿಗೆ ಹೆಚ್ಚು, ಮಾಂಟ್ ಬ್ಲಾಂಕ್ ಕಾಣುವುದಿಲ್ಲ. ಕಾರು ಕೊಳ್ಳಲೇ ಇಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಜಿನೀವಾವೋ ಹಳ್ಳಿಯೋ ಎಂಬುದಲ್ಲ, ನಿಲ್ದಾಣದಿಂದ ಮನೆಗೆ ಚೀಲ ಹೊತ್ತು ನಡೆಯಬಲ್ಲಿರಾ ಎಂದು ನೋಡಿ. ಮನೆಯನ್ನು ಜನವರಿಯಲ್ಲಿ ನೋಡಿ. ಕಾರು ಬೇಕೇ ಬೇಕೆಂದರೆ ಆ ಪರೀಕ್ಷೆಗೆ ಮೊದಲು ಬೋಧಕರಿಗೆ ಹಣ ಕೊಡಿ, ಜಿಪುಣತನ ಬೇಡ. ಈಗಾಗಲೇ ಗುಡ್ಡದ ಮೇಲಿನ ಮನೆಗೆ ಸಹಿ ಹಾಕಿದ್ದರೆ ಅವಧಿ ಮುಗಿಯುವ ತನಕ ಕಾಯಬೇಕಿಲ್ಲ: ಅದೇ ಕರಾರಿಗೆ ಒಪ್ಪುವ, ಬಾಡಿಗೆ ಕಟ್ಟುವ ಶಕ್ತಿಯಿರುವ ಬದಲಿ ಬಾಡಿಗೆದಾರರನ್ನು ತೋರಿಸಿದರೆ ಕಾನೂನು ನಿಮ್ಮನ್ನು ಕರಾರಿನಿಂದ ಬಿಡುಗಡೆ ಮಾಡುತ್ತದೆ. ಅವರಿಗೆ ಮನೆ ತೋರಿಸುವುದನ್ನು ಮಾತ್ರ ಜೂನ್ ತಿಂಗಳಲ್ಲಿ ಇಟ್ಟುಕೊಳ್ಳಿ.