800 ಎಲೆಯ ಲೆಕ್ಕ

ಪ್ರಶ್ನೆ: ನಾನು ಅರಸೀಕೆರೆ ಕಡೆಯವಳು. ಹುಡುಗ ಸಾಗರದ ಕಡೆಯವನು. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಎರಡೂ ಮನೆಯವರು ಒಪ್ಪಿದ್ದಾರೆ. ನಾವಿಬ್ಬರೂ ಸೇರಿ ಕೂಡಿಟ್ಟಿರುವುದು 4 ಲಕ್ಷ. ಸಾಲ ಮಾಡದೆ ಅಷ್ಟರಲ್ಲೇ ಮದುವೆ ಮುಗಿಸಬೇಕು ಅಂತ ಆಸೆ. ನಮಗೆ ಮಂತ್ರ ಮಾಂಗಲ್ಯ ಇಷ್ಟ. ಅಮ್ಮ ‘ಧಾರೆ ಎರೆಯದೆ ಅದೆಂಥ ಮದುವೆ’ ಅನ್ನುತ್ತಾರೆ. ಅಪ್ಪ 800 ಜನರ ಪಟ್ಟಿ ಹಿಡಿದು ಕೂತಿದ್ದಾರೆ. ಏನು ಮಾಡಲಿ?

ಉತ್ತರ: 4 ಲಕ್ಷ ಸಣ್ಣ ದುಡ್ಡಲ್ಲ ಕಣಮ್ಮಾ. 800 ಎಲೆಗೆ ಸಾಲದು, ಅಷ್ಟೆ.

ನಾನು ಕಲ್ಯಾಣ ಮಂಟಪವೊಂದರ ಆಫೀಸಿನಲ್ಲಿ ಬುಕಿಂಗ್ ಪುಸ್ತಕ ಇಟ್ಟುಕೊಂಡು ಕೂತವಳು. ಖರ್ಚು ಕಡಿಮೆ ಮಾಡಬೇಕು ಅಂತ ಬರುತ್ತಿದ್ದವರು ಮೊದಲು ಹೂವಿಗೆ ಕತ್ತರಿ ಹಾಕುತ್ತಿದ್ದರು, ಆಮೇಲೆ ವಾಲಗಕ್ಕೆ. ಊಟದ ತಲೆ ಎಣಿಕೆ ಮಾತ್ರ ಮುಟ್ಟುತ್ತಿರಲಿಲ್ಲ. ದುಡ್ಡು ಹೋಗುವುದೇ ಅಲ್ಲಿ. ಎಲೆಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. 800 ಎಲೆಗೆ 2,40,000. ಹಿಂದಿನ ರಾತ್ರಿ ಆರತಕ್ಷತೆ ಅಂದರೆ ಇನ್ನೊಂದು ಅಷ್ಟೇ. ತಾಳಿ, ಸೀರೆ, ಛತ್ರದ ಬಾಡಿಗೆ ಲೆಕ್ಕಕ್ಕೆ ಬರುವ ಮೊದಲೇ ನಿಮ್ಮ ದುಡ್ಡು ಖಾಲಿ. 200 ಜನಕ್ಕೆ ಒಂದೇ ಹೊತ್ತಿನ ಊಟವಾದರೆ 60,000.

ಅದಕ್ಕೇ ಮೊದಲು ಆರತಕ್ಷತೆ ಬಿಡಿ. ಅದರ ಜೊತೆ ಒಂದು ರಾತ್ರಿಯ ಬಾಡಿಗೆ, ಸ್ಟೇಜು, ಲೈಟು, ಆರ್ಕೆಸ್ಟ್ರಾ ಎಲ್ಲ ಹೋಗುತ್ತದೆ. ಫೋಟೊಗೆ ಗಂಟೆಗಟ್ಟಲೆ ಕ್ಯೂ ನಿಂತು ನಿಮ್ಮ ಕೈಗೊಂದು ಕವರ್ ಕೊಟ್ಟು ಹೋಗುವ ಕಷ್ಟ ನೆಂಟರಿಗೂ ತಪ್ಪುತ್ತದೆ.

ಅಪ್ಪನ ಪಟ್ಟಿ ವಿಷಯ. ‘ಅರ್ಧ ಹೊಡೆದು ಹಾಕಿ ಅಪ್ಪಾಜಿ’ ಅಂದರೆ ಅವರು ಇನ್ನೂ 50 ಹೆಸರು ಸೇರಿಸುತ್ತಾರೆ. ಅವರದ್ದೂ ನ್ಯಾಯವೇ. ಊರವರ ಮದುವೆಗಳಿಗೆಲ್ಲ ಹೋಗಿ ಉಂಡು, ಮುಯ್ಯಿ ಬರೆಸಿ ಬಂದಿದ್ದಾರೆ. ಈಗ ಕರೆಯದಿದ್ದರೆ ಮುಖ ತೋರಿಸುವುದು ಹೇಗೆ ಅನ್ನೋ ಸಂಕಟ. ಅದಕ್ಕೆ ಹೀಗೆ ಕೇಳಿ: ‘ಮನೆಗೇ ಹೋಗಿ, ಕುಂಕುಮ ಇಟ್ಟು ಕರೆಯಲೇಬೇಕಾದವರು ಯಾರ್ಯಾರು?’ ಆ ಪಟ್ಟಿ ತಾನೇ ಸಣ್ಣದಾಗುತ್ತದೆ. ಮಿಕ್ಕ ಊರವರಿಗೆ ಇನ್ನೊಂದು ದಿನ ಮನೆ ಮುಂದೆ ಶಾಮಿಯಾನ ಹಾಕಿಸಿ ಪಾಯಸದ ಊಟ ಹಾಕಿ. ಸಾಮಾನು ನಿಮ್ಮದು, ಅಡುಗೆಯವರಿಗೆ ಕೂಲಿ ಮಾತ್ರ ಅಂದರೆ ಎಲೆಗೆ ಬೀಳುವ ಖರ್ಚು ಎಷ್ಟೋ ಇಳಿಯುತ್ತದೆ. ಆದರೆ ಅದು ಬೀಗರೂಟ ಆಗದಂತೆ ನೋಡಿಕೊಳ್ಳಿ! ನಮ್ಮ ಕಡೆ ಕುರಿ ಲೆಕ್ಕ ಶುರುವಾದರೆ ಮದುವೆ ಖರ್ಚನ್ನೂ ಮೀರಿಸುತ್ತದೆ.

ಇನ್ನು ಅಮ್ಮ. ಮಂತ್ರ ಮಾಂಗಲ್ಯ ನಿಮ್ಮ ಹುಡುಗನ ಜಿಲ್ಲೆಯ ಕೊಡುಗೆ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಹೀಗೇ ಮಾಡಿಸಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಹುಡುಗ ಹುಡುಗಿ ಬಂದವರ ಎದುರು ಪ್ರತಿಜ್ಞೆ ಓದುತ್ತಾರೆ, ಬಂದವರೇ ಸಾಕ್ಷಿ. ಇವತ್ತಿಗೂ ಕುಪ್ಪಳಿಗೆ ಹೋಗಿ ಹೀಗೆ ಮದುವೆಯಾಗುವವರಿದ್ದಾರೆ.

ನಿಮ್ಮ ಅಮ್ಮ ಹೋಮ, ಕಾಶಿಯಾತ್ರೆ ಏನನ್ನೂ ಕೇಳಿಲ್ಲ, ಗಮನಿಸಿದಿರಾ? ಕೇಳಿದ್ದು ಧಾರೆ ಒಂದೇ. ನಿಮ್ಮ ಕಡೆಯ ಧಾರೆ ನೀವೂ ನೋಡಿರುತ್ತೀರಿ. ಇಬ್ಬರ ಕೈ ಸೇರಿಸಿ, ಮೇಲೆ ತೆಂಗಿನಕಾಯಿ ಇಟ್ಟು ಅಪ್ಪ ಅಮ್ಮ ಹಾಲು ಬಿಡುತ್ತಾರೆ. ಆಮೇಲೆ ಅಜ್ಜಿ, ಸೋದರತ್ತೆ, ಮಾವ, ಪಕ್ಕದ ಮನೆಯವರು ಸಾಲಾಗಿ ಬಂದು ಒಂದಿಷ್ಟಿಷ್ಟು ಹಾಲು ಹುಯ್ದು ಹೋಗುತ್ತಾರೆ. ಕೆಳಗಿನ ತಟ್ಟೆ ತುಂಬುತ್ತದೆ, ಹುಡುಗನ ಪಂಚೆ ಒದ್ದೆಯಾಗುತ್ತದೆ, ಯಾರೋ ಕಾಯಿ ಜಾರದ ಹಾಗೆ ಹಿಡಿದುಕೊಂಡಿರುತ್ತಾರೆ. ಇದಕ್ಕೆಲ್ಲ ಬೇಕಾಗುವುದು ಎರಡು ಲೀಟರ್ ಹಾಲು. ನೀವು ಪ್ರತಿಜ್ಞೆ ಓದಿ, ಹಾರ ಬದಲಿಸಿಕೊಂಡ ಮೇಲೆ ಅಮ್ಮ ಧಾರೆ ಎರೆಯಲಿ. ಹುಡುಗನ ಅಪ್ಪ ಅಮ್ಮನೂ ಹಾಲು ಬಿಡಲಿ. ಹುಡುಗಿಯನ್ನು ಮಾತ್ರ ಒಪ್ಪಿಸಿಕೊಡುವುದು ಯಾಕೆ? ಹೀಗೆ ಬೆರೆಸಿದ್ದನ್ನು ಮಂತ್ರ ಮಾಂಗಲ್ಯ ಅಂತ ಪತ್ರಿಕೆಯಲ್ಲಿ ಹಾಕಿಸಬೇಡಿ, ಕಟ್ಟುನಿಟ್ಟಿನವರು ಜಗಳಕ್ಕೆ ಬರುತ್ತಾರೆ. ಸುಮ್ನೆ ‘ಮದುವೆ’ ಅಂತ ಹಾಕಿಸಿ.

ಮುಹೂರ್ತದ ಹಂಗಿಲ್ಲದಿದ್ದರೆ ಛತ್ರದವರ ಹತ್ತಿರ ಚೌಕಾಸಿ ಸುಲಭ. ಅಮ್ಮನನ್ನು ಆಷಾಢಕ್ಕೆ ಒಪ್ಪಿಸುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಮುಹೂರ್ತ ಕಡಿಮೆ ಇರುವ ತಿಂಗಳ ಒಂದು ಬುಧವಾರವೋ ಗುರುವಾರವೋ ಕೇಳಿ ನೋಡಿ. ಬಾಡಿಗೆ ಎಷ್ಟು ಅಂತ ಕೇಳಿ ಅಡ್ವಾನ್ಸ್ ಕೊಟ್ಟು ಬರಬೇಡಿ. ಕರೆಂಟು, ಜನರೇಟರ್ ಡೀಸೆಲ್, ಕಸ, ಪಾತ್ರೆ, ನೀರಿನ ಟ್ಯಾಂಕರ್ ಎಲ್ಲ ಬೇರೆ ಬೇರೆ ಬಿಲ್ಲಾಗಿ ಬರುತ್ತವೆ. ಮೊದಲೇ ಬರೆಸಿಕೊಳ್ಳಿ. ಒಳಗೆ ಕಾಲಿಟ್ಟ ಕೂಡಲೇ ಮೀಟರ್ ರೀಡಿಂಗಿನ ಫೋಟೊ ತೆಗೆದುಕೊಳ್ಳಿ. ‘ಡೆಕೊರೇಶನ್ನಿಗೆ ನಮ್ಮ ಕಡೆಯವರೇ ಬರಬೇಕು’ ಅಂದರೆ ಅದರಲ್ಲಿ ಕಮಿಷನ್ ಇದೆ ಅಂತಲೇ ತಿಳಿಯಿರಿ. ಉಗ್ರಾಣದ ಬೀಗದ ಕೈ ಒಬ್ಬ ಗಟ್ಟಿ ಚಿಕ್ಕಮ್ಮನ ಸೊಂಟದಲ್ಲಿರಲಿ. ಪ್ರತಿ ಪಂಕ್ತಿಗೂ ಎಷ್ಟು ಎಲೆ ಬಿತ್ತು ಅಂತ ಎಣಿಸಲು ಒಬ್ಬ ತಮ್ಮನನ್ನು ನಿಲ್ಲಿಸಿ. ಸಂಜೆ ಅಡುಗೆಯವರು ಹೇಳುವ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ತಾಳೆ ಆಗಬೇಕಲ್ವಾ?

ಪ್ರಶ್ನೆ: ವಾಟ್ಸಾಪಿನಲ್ಲೇ ಕರೆದರೆ ಸಾಲದೇ? ಪತ್ರಿಕೆ ಮುದ್ರಿಸಲೇಬೇಕೇ? ಆಮೇಲೆ, ಸರಳ ಮದುವೆಯನ್ನು ರಿಜಿಸ್ಟರ್ ಮಾಡಿಸುವುದು ಹೇಗೆ?

ಉತ್ತರ: ಗೆಳೆಯರಿಗೆ ವಾಟ್ಸಾಪ್ ಧಾರಾಳ ಸಾಕು. ಆದರೂ ಒಂದಷ್ಟು ಪತ್ರಿಕೆ ಮುದ್ರಿಸಿ. ಅಜ್ಜಿಯ ಕೈಗೆ ಫೋನ್ ಕೊಟ್ಟು ಕರೆಯಲಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಗೆ ಹೋದರೂ ಪತ್ರಿಕೆ, ಮದುವೆ ಫೋಟೊ ಕೇಳುತ್ತಾರೆ.

ಪುರೋಹಿತರಿಲ್ಲದೆ ಮದುವೆಯಾಗುವವರಿಗೆ ನಾನು ಹೇಳುವುದು 1954ರ ವಿಶೇಷ ವಿವಾಹ ಕಾಯ್ದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಮದುವೆಯಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾವ ಶಾಸ್ತ್ರ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅನ್ನೋ ತಕರಾರು ಮುಂದೆ ಯಾಕೆ ಬೇಕು? ವಿಶೇಷ ವಿವಾಹಕ್ಕೆ, ನಿಮ್ಮಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸ ಇರುವ ಜಿಲ್ಲೆಯ ವಿವಾಹ ಅಧಿಕಾರಿಗೆ, ಮದುವೆಯಾಗುತ್ತೇವೆ ಅಂತ ನೋಟಿಸ್ ಕೊಡಬೇಕು. ಅದಾಗಿ 30 ದಿನ ಕಾಯಬೇಕು. ನೋಟಿಸ್ ಕೊಟ್ಟ 3 ತಿಂಗಳೊಳಗೆ ಮೂವರು ಸಾಕ್ಷಿಗಳ ಜೊತೆ ಹೋಗಿ ಸಹಿ ಹಾಕಬೇಕು. ಮನೆಯ ಸಮಾರಂಭದ ದಿನ ಗೊತ್ತು ಮಾಡುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಮಗಳ ಮದುವೆ ಸಾಮೂಹಿಕ ವಿವಾಹದಲ್ಲಿ ಮಾಡೋಣ ಅಂತಿದ್ದೇನೆ. ನೆಂಟರು ಏನಂದುಕೊಳ್ಳುತ್ತಾರೋ ಅಂತ ಭಯ.

ಉತ್ತರ: ಸ್ವಾಮೀ, ಆ ನೆಂಟರು 800 ಎಲೆ ಹಾಕಿಸಿದ ಮದುವೆಯಲ್ಲೂ ಸಾರಿಗೆ ಉಪ್ಪು ಕಡಿಮೆ ಅಂದವರೇ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ. ತಾಳಿ, ಸೀರೆ, ಪಂಚೆ ಅವರೇ ಕೊಡುತ್ತಾರೆ. ಮೊದಲು ಮಗಳನ್ನೂ ಅಳಿಯ ಆಗುವವನನ್ನೂ ಕೂರಿಸಿಕೊಂಡು ಕೇಳಿ. ಅವರು ಹೂಂ ಅಂದರೆ ಬೇಗ ಅರ್ಜಿ ತರಿಸಿಕೊಳ್ಳಿ. ಇಬ್ಬರ ವಯಸ್ಸಿನ ದಾಖಲೆಯಲ್ಲಿ ಹೆಸರು, ಹುಟ್ಟಿದ ತಾರೀಖು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಇದೆಯೇ ಅಂತ ಈಗಲೇ ನೋಡಿ. ತಪ್ಪಿದ್ದರೆ ತಿದ್ದಿಸಲು ವಾರಗಟ್ಟಲೆ ಓಡಾಡಬೇಕಾಗುತ್ತದೆ.